ಮಲೆನಾಡಿನ ಯುದ್ಧತಂತ್ರ ಆಟಗಾರರ ಬಳಗಕ್ಕೆ ವ್ಯಾಸಲ್: ದೀರ್ಘಕಾಲದ ಬಳಕೆಯ ವಿಮರ್ಶೆ

ಹಲಗೆಯ ಮೇಲೆ ಆಡುವ ಯುದ್ಧತಂತ್ರದ ಆಟಗಳನ್ನು ಬೇರೆ ಬೇರೆ ಊರುಗಳಲ್ಲಿರುವವರು ಕಂಪ್ಯೂಟರಿನ ಮೂಲಕ ಆಡಲು ನೆರವಾಗುವ ಉಚಿತ, ಮುಕ್ತ ಆಕರ ತಂತ್ರಾಂಶ ವ್ಯಾಸಲ್. 1985ರಲ್ಲಿ ಅವಲಾನ್ ಹಿಲ್ ಸಂಸ್ಥೆ ಹೊರತಂದ ‘ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್’ ಎಂಬ ಆಟವನ್ನು ಅಂತರಜಾಲದಲ್ಲಿ ಆಡುವ ಸಲುವಾಗಿ ರಾಡ್ನಿ ಕಿನ್ನಿ ಅವರು ಬರೆದ ಪ್ರೋಗ್ರಾಂ ಮುಂದೆ ಯಾವ ಹಲಗೆಯಾಟಕ್ಕಾದರೂ ಒಗ್ಗಿಸಿಕೊಳ್ಳಬಹುದಾದ ಸಾಧನವಾಗಿ ಬೆಳೆಯಿತು. ಶಿವಮೊಗ್ಗವನ್ನು ನಡುವಿಟ್ಟುಕೊಂಡು ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಗೆಲ್ಲ ಹರಡಿಕೊಂಡಿರುವ ನಮ್ಮ ಸಣ್ಣ ಬಳಗವು ಹಲವು ಮಳೆಗಾಲಗಳಿಂದ ಇದನ್ನೇ ನೆಚ್ಚಿಕೊಂಡು ನಡೆಯುತ್ತಿದೆ. ಬಳಗವನ್ನು ನಡೆಸುವ ಹೊಣೆ ನನ್ನ ಮೇಲಿರುವುದರಿಂದ, ಒಬ್ಬ ಆಟಗಾರನಿಗೆ ಇದು ಹೇಗೆ ಒದಗುತ್ತದೆ ಎಂಬುದಕ್ಕಿಂತಲೂ, ಪರಸ್ಪರ ಮುಖ ನೋಡದ ಹತ್ತಾರು ಜನ ಸ್ನೇಹದಿಂದ ಆಡಿಕೊಂಡಿರಲು ಇದು ಎಷ್ಟರ ಮಟ್ಟಿಗೆ ತಕ್ಕದ್ದು ಎಂಬುದನ್ನು ಬರೆಯಲು ಬಯಸುತ್ತೇನೆ.

ಮೊದಲಿಗೆ ನೆಟ್‌ವರ್ಕಿನ ಮಾತು, ಏಕೆಂದರೆ ನಮ್ಮ ಸೀಮೆಯಲ್ಲಿ ಉಳಿದೆಲ್ಲವೂ ಅದನ್ನೇ ಅವಲಂಬಿಸಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಬ್ಬರು ಒಂದೇ ಹೊತ್ತಿಗೆ ಎರಡು ಗಂಟೆ ಕಾಲ ಆನ್‌ಲೈನ್ ಇರುತ್ತಾರೆಂದು ನಂಬಿ ಇಲ್ಲಿ ಯಾವ ಕಾರ್ಯಕ್ರಮವನ್ನೂ ಹಾಕಿಕೊಳ್ಳುವಂತಿಲ್ಲ. ಗಾಳಿಗೆ ಮರ ಬಿದ್ದು ಲೈನ್ ತುಂಡಾದರೆ ಕರೆಂಟ್ ಬರಲು ಎರಡು ಮೂರು ದಿನ ಹಿಡಿಯುವುದುಂಟು. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಸುಮ್ಮನಾಗುತ್ತದೆ. ಇಬ್ಬರೂ ಏಕಕಾಲಕ್ಕೆ ಸಂಪರ್ಕದಲ್ಲಿರಲೇಬೇಕಾದ ಆಟಗಳನ್ನು ಬಳಗದಲ್ಲಿ ಒಂದಿಷ್ಟು ಕಾಲ ನಡೆಸಿ ನೋಡಿದೆವು. ಅರ್ಧಕ್ಕೆ ನಿಂತ ಆಟಗಳು, ‘ಎದುರಾಳಿ ಹೊರಹೋಗಿದ್ದಾರೆ’ ಎಂಬ ಸಂದೇಶ, ಸೋಲಿನ ಲೆಕ್ಕಕ್ಕೆ ಸೇರಿಹೋದ ಗೆಲುವು, ಇವುಗಳಿಂದ ಹುಟ್ಟಿದ ಅಸಮಾಧಾನವೇ ಹೆಚ್ಚಾಯಿತು. ವ್ಯಾಸಲ್‌ನಲ್ಲಿ ನೇರವಾಗಿ ಸರ್ವರ್ ಮೂಲಕ ಆಡುವ ವ್ಯವಸ್ಥೆ ಇದ್ದರೂ, ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರ ಲಾಗ್ ಫೈಲ್.

ಲಾಗ್ ಫೈಲಿನ ಕೆಲಸ ಹೀಗೆ. ನನ್ನ ಸರದಿ ಬಂದಾಗ ದಾಖಲೆಯನ್ನು ಶುರುಮಾಡಿ ಕಾಯಿಗಳನ್ನು ನಡೆಸುತ್ತೇನೆ, ದಾಳ ಉರುಳಿಸುತ್ತೇನೆ, ಬೇಕೆನಿಸಿದಲ್ಲಿ ಟಿಪ್ಪಣಿ ಬರೆಯುತ್ತೇನೆ. ಪ್ರತಿಯೊಂದು ಕ್ರಿಯೆಯೂ ನಡೆದ ಕ್ರಮದಲ್ಲೇ ಫೈಲಿನಲ್ಲಿ ಕೂಡಿಕೊಳ್ಳುತ್ತದೆ. ಎದುರಾಳಿ ಅದನ್ನು ತೆರೆದು ಪೇಜ್ ಡೌನ್ ಕೀಲಿಯನ್ನು ಒತ್ತುತ್ತಾ ಹೋದರೆ ನನ್ನ ನಡೆಗಳು ಒಂದೊಂದಾಗಿ ಅವರ ಕಣ್ಣೆದುರು ಮತ್ತೆ ಜರುಗುತ್ತವೆ. ನದಿಯ ಆಚೆಗಿದ್ದ ದಳವನ್ನು ನಾನು ಮೊದಲು ಸರಿಸಿದೆನೋ ನಂತರ ಸರಿಸಿದೆನೋ, ದಾಳದಲ್ಲಿ ಎರಡು ಬಿದ್ದ ಮೇಲೆ ಯೋಜನೆ ಬದಲಿಸಿದೆನೋ ಎಂಬುದೆಲ್ಲ ತಿಳಿಯುತ್ತದೆ. ಫೈಲಿನ ಗಾತ್ರ ತೀರ ಚಿಕ್ಕದಾದ್ದರಿಂದ ಇಮೇಲಿನಲ್ಲಾಗಲಿ ವಾಟ್ಸಾಪಿನಲ್ಲಾಗಲಿ ಒಂದು ಕಡ್ಡಿ ಸಿಗ್ನಲ್ ಇದ್ದರೂ ಹೋಗಿಬಿಡುತ್ತದೆ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನಮ್ಮ ಬಳಗದ ಹಳೆಯ ಸದಸ್ಯರು. ಕೊಳೆರೋಗಕ್ಕೆ ಬೋರ್ಡೋ ಹೊಡೆಸುವ ವಾರಗಳಲ್ಲಿ ಅವರು ಹಗಲಿಡೀ ತೋಟದಲ್ಲಿರುತ್ತಾರೆ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೂತು ನಡೆ ಮುಗಿಸಿ, ಫೈಲನ್ನು ಫೋನಿಗೆ ಹಾಕಿಕೊಂಡು, ಬೆಳಿಗ್ಗೆ ಡೈರಿಗೆ ಹಾಲು ಕೊಡಲು ಹೋಗುವಾಗ ಸಿಗ್ನಲ್ ಸಿಗುವ ತಿರುವಿನಲ್ಲಿ ಕಳಿಸುತ್ತಾರೆ. ಉತ್ತರ ಸಿಗುವುದು ಮರುದಿನ ಅದೇ ತಿರುವಿನಲ್ಲಿ. ಹಾಗೆ ನಡೆದ ಆಟವೊಂದು ಬೋರ್ಡೋ ಹೊಡೆಸುವುದರಿಂದ ಕೊನೆಕೊಯ್ಲಿನವರೆಗೂ ಸಾಗಿದ್ದನ್ನು ನಾನು ಬಲ್ಲೆ; ಇಬ್ಬರಿಗೂ ಅದು ತಡವಾಯಿತೆಂದು ಅನ್ನಿಸಲಿಲ್ಲ.

ಹೊಸಬರು ತಿಳಿದಿರಬೇಕಾದ ಮುಖ್ಯ ವಿಷಯವೆಂದರೆ ವ್ಯಾಸಲ್‌ಗೆ ಆಟದ ನಿಯಮ ಗೊತ್ತಿಲ್ಲ. ಅದು ನಕ್ಷೆ, ಕಾಯಿ, ದಾಳಗಳನ್ನು ಮುಂದಿಡುತ್ತದೆಯೇ ಹೊರತು, ಮೂರು ಮನೆ ಮಾತ್ರ ಚಲಿಸಬಹುದಾದ ಕಾಲಾಳು ದಳವನ್ನು ನೀವು ಐದು ಮನೆ ಎಳೆದರೂ ತಡೆಯುವುದಿಲ್ಲ. ಕೆಲವು ಮಾಡ್ಯೂಲ್‌ಗಳಲ್ಲಿ (ಅಂದರೆ ಒಂದೊಂದು ಆಟದ ನಕ್ಷೆ, ಕಾಯಿಗಳನ್ನು ಕಟ್ಟಿಟ್ಟ ಫೈಲುಗಳಲ್ಲಿ) ಅಷ್ಟಿಷ್ಟು ಕೆಲಸ ತಾನಾಗಿಯೇ ಆಗುವಂತೆ ಮಾಡಿರುತ್ತಾರೆ, ಆದರೆ ನಿಯಮ ಪುಸ್ತಕವನ್ನು ಓದಿಕೊಂಡು ಆಡುವ ಹೊಣೆ ಆಟಗಾರರದ್ದೇ. ಮೋಸಕ್ಕೂ ಅವಕಾಶವಿದೆ: ದಾಳ ಕೆಟ್ಟದಾಗಿ ಬಿತ್ತೆಂದು ಇಡೀ ಲಾಗ್ ಅನ್ನು ಬಿಸಾಡಿ ಹೊಸದಾಗಿ ಶುರುಮಾಡಿದರೆ ಎದುರಾಳಿಗೆ ಅದು ತಿಳಿಯುವ ಬಗೆಯಿಲ್ಲ. ಇದನ್ನು ದೊಡ್ಡ ಕೊರತೆಯೆಂದು ದೂರುವವರನ್ನು ಕಂಡಿದ್ದೇನೆ. ನನ್ನ ಅಭಿಪ್ರಾಯ ಬೇರೆ. ಕಂಪ್ಯೂಟರೇ ತೀರ್ಪುಗಾರನಾದ ಆಟಗಳಲ್ಲಿ ಜಗಳ ಕಡಿಮೆ ಎಂಬುದು ನಿಜವಾದರೂ ಮಾತುಕತೆಯೂ ಅಷ್ಟೇ ಕಡಿಮೆ. ಇಲ್ಲಿ ‘ಕಾಡಿನ ಮನೆಯಿಂದ ಹಿಮ್ಮೆಟ್ಟುವಾಗ ಈ ನಿಯಮ ಹೇಗೆ ಅನ್ವಯಿಸುತ್ತದೆ, ಮೇಷ್ಟ್ರೇ?’ ಎಂದು ಕೇಳಲೇಬೇಕಾಗುತ್ತದೆ. ಕೇಳುತ್ತಾ ಕೇಳುತ್ತಾ ಪರಿಚಯ ಬೆಳೆಯುತ್ತದೆ. ಸಾಗರದ ಆ ನಿವೃತ್ತ ಮೇಷ್ಟ್ರು ಇಂಥ ಪ್ರಶ್ನೆ ಬಂದಾಗ ನಿಯಮ ಪುಸ್ತಕದ ಪುಟದ ಫೋಟೊ ತೆಗೆದು, ತಮ್ಮ ಪಕ್ಷಕ್ಕೆ ನಷ್ಟವಾಗುವ ಸಾಲಿನ ಕೆಳಗೇ ಪೆನ್ಸಿಲ್ ಗೆರೆ ಎಳೆದು ಕಳಿಸುತ್ತಾರೆ.

ತಗಾದೆ ಬಂದಾಗ ಆ ಆಟದಲ್ಲಿ ಇಲ್ಲದ ಮೂರನೆಯ ಸದಸ್ಯರೊಬ್ಬರು ಎರಡೂ ಕಡೆಯ ಮಾತನ್ನು ಕೇಳಿ ತೀರ್ಪು ಕೊಡುತ್ತಾರೆ, ಆ ಆಟಕ್ಕೆ ಅದೇ ಕೊನೆಯ ಮಾತು. ಇದೇನೂ ಹೊಸ ಏರ್ಪಾಡಲ್ಲ. 1824ರಲ್ಲಿ ಪ್ರಷ್ಯಾದ ಸೇನೆಯು ಅಧಿಕಾರಿಗಳ ತರಬೇತಿಗೆಂದು ಒಪ್ಪಿಕೊಂಡ ರೈಸ್ವಿಟ್ಸ್‌ನ ‘ಕ್ರೀಗ್ಸ್‌ಷ್ಪೀಲ್’ ಆಟವು ನಿಂತಿದ್ದುದೇ ತೀರ್ಪುಗಾರನ ಮೇಲೆ: ಎರಡು ಪಕ್ಷಗಳೂ ತಮ್ಮ ಆಜ್ಞೆಗಳನ್ನು ಬರೆದು ಅವನಿಗೆ ಕೊಡುತ್ತಿದ್ದವು, ಫಲಿತಾಂಶವನ್ನು ಅವನು ಹೇಳುತ್ತಿದ್ದ. ನಮ್ಮ ಬಳಗದಲ್ಲಿ ಅಂಕಪಟ್ಟಿಯನ್ನೂ ಇಟ್ಟಿಲ್ಲ. ಅಂಕಪಟ್ಟಿ ಇದ್ದ ಕೂಟಗಳಲ್ಲಿ ಹೊಸಬರನ್ನು ಹುಡುಕಿ ಹುಡುಕಿ ಆಡಿ ಸೋಲಿಸುವ ಚಾಳಿ ಬೆಳೆಯುವುದನ್ನು ಕಂಡಿದ್ದರಿಂದ, ಮುಗಿದ ಆಟಗಳ ಲಾಗ್‌ಗಳನ್ನು ಒಂದೆಡೆ ಇಟ್ಟು, ಇಷ್ಟವಿದ್ದವರು ತೆರೆದು ನೋಡಿ ಚರ್ಚಿಸುವುದಕ್ಕಷ್ಟೇ ಬಿಟ್ಟಿದ್ದೇವೆ. ಆಟ ಶುರುವಾಗುವ ಮೊದಲು ಇಬ್ಬರೂ ಎಷ್ಟು ದಿನಕ್ಕೊಂದು ನಡೆ ಎಂದು ಮಾತಾಡಿಕೊಳ್ಳಬೇಕು, ತಡವಾಗುವುದಾದರೆ ಒಂದು ಸಾಲು ಬರೆದು ತಿಳಿಸಬೇಕು. ಬಳಗದ ಕಟ್ಟುಪಾಡು ಹೆಚ್ಚುಕಡಿಮೆ ಇಷ್ಟೇ.

ಹೊಸಬರಿಗೆ ಕಲಿಸಲು ನಾವು ಆರಿಸಿಕೊಂಡಿರುವುದು ಫ್ರಾಂಕ್ ಚಾಡ್ವಿಕ್ ಅವರು 1986ರಲ್ಲಿ ರೂಪಿಸಿದ ‘ಬ್ಯಾಟಲ್ ಫಾರ್ ಮಾಸ್ಕೋ’. 1941ರ ಅಕ್ಟೋಬರಿನಲ್ಲಿ ಜರ್ಮನ್ ಸೇನೆಯು ಮಾಸ್ಕೋದತ್ತ ನುಗ್ಗಿದ ಕಾರ್ಯಾಚರಣೆಯನ್ನು ಬೆರಳೆಣಿಕೆಯ ಕಾಯಿಗಳಲ್ಲಿ, ಒಂದು ಸಂಜೆಗೆ ಸಾಕಾಗುವಷ್ಟು ನಿಯಮಗಳಲ್ಲಿ ಅದು ಹಿಡಿದಿಟ್ಟಿದೆ. ಜರ್ಮನ್ ಸರದಿಯಲ್ಲಿ ಮೊದಲು ಪ್ಯಾಂಜರ್ (ಟ್ಯಾಂಕ್) ದಳಗಳು ಮಾತ್ರ ಚಲಿಸುತ್ತವೆ, ಆಮೇಲೆ ಕಾಳಗ, ಆಮೇಲೆ ಎಲ್ಲ ದಳಗಳ ಚಲನೆ. ಸೋವಿಯತ್ ಪಕ್ಷಕ್ಕೆ ಆ ಮೊದಲ ಹಂತದಲ್ಲಿ ರೈಲಿನ ಮೇಲೆ ಸಾಗುವ ಅವಕಾಶ. ಈ ಒಂದು ವ್ಯತ್ಯಾಸದಿಂದಲೇ ಹೊಸ ಆಟಗಾರನಿಗೆ ಭೇದಿಸಿ ನುಗ್ಗುವುದೆಂದರೇನು, ಮೀಸಲು ಪಡೆಯನ್ನು ಎಲ್ಲಿಡಬೇಕು ಎಂಬುದು ಪುಸ್ತಕದ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ನಡುವೆ ಬರುವ ಕೆಸರಿನ ಸರದಿಗಳಲ್ಲಿ ಜರ್ಮನ್ ದಾಳಿ ಹೂತುಕೊಳ್ಳುವುದನ್ನು ಯಾರೂ ನಮ್ಮವರಿಗೆ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಮನೆಯಿಂದ ಡಾಂಬರು ರಸ್ತೆಗೆ ಜೀಪು ಹತ್ತಿಸಿದವರಿಗೆ ಅದು ಚೆನ್ನಾಗಿ ತಿಳಿಯುತ್ತದೆ. ಕಲಿಸುವವರು ಮೊದಲ ಆಟದಲ್ಲಿ ಸೋವಿಯತ್ ಪಕ್ಷವನ್ನು ವಹಿಸಿಕೊಂಡು, ಪ್ರತಿ ನಡೆಯ ಕಾರಣವನ್ನು ಲಾಗ್‌ನ ಸಂದೇಶದ ಜಾಗದಲ್ಲಿ ಬರೆಯುತ್ತಾ ಹೋಗುತ್ತಾರೆ. ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರು ಆ ಟಿಪ್ಪಣಿಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಈಗ ತಾವೇ ಹೊಸಬರಿಗೆ ಕಲಿಸುತ್ತಿದ್ದಾರೆ.

ಯುದ್ಧವನ್ನು ಆಟವಾಗಿ ಆಡುವಾಗ ಮಾತಿನಲ್ಲಿ ಎಚ್ಚರ ಬೇಕು, ಮತ್ತು ಈ ವಿಷಯದಲ್ಲಿ ಯಾವ ತಂತ್ರಾಂಶವೂ ನೆರವಾಗದು. ಬಳಗದಲ್ಲಿ ಸೇನೆಯಲ್ಲಿದ್ದು ನಿವೃತ್ತರಾದ ಹಿರಿಯರಿದ್ದಾರೆ. 1971ರ ಯುದ್ಧದ ಕುರಿತ ಆಟವೊಂದನ್ನು ಆಡುವಾಗ ತರುಣರೊಬ್ಬರು ಕಳೆದುಕೊಂಡ ದಳವೊಂದರ ಬಗ್ಗೆ ಹಗುರವಾಗಿ ಬರೆದದ್ದಕ್ಕೆ ಅವರು ಬೇಸರಿಸಿಕೊಳ್ಳಲಿಲ್ಲ, ಬದಲಿಗೆ ಆ ಕಾಯಿಯಷ್ಟು ದೊಡ್ಡ ದಳದಲ್ಲಿ ಎಷ್ಟು ಜನರಿರುತ್ತಾರೆ, ಅವರಿಗೆ ಊಟ ನೀರು ಹೇಗೆ ತಲುಪುತ್ತದೆ ಎಂದು ಉದ್ದಕ್ಕೆ ಬರೆದು ಕಳಿಸಿದರು. ಆ ಪತ್ರವನ್ನು ಎಲ್ಲರೂ ಓದಿದರು. ಅಂದಿನಿಂದ ಈ ಕಾಲದ ರಾಜಕೀಯವನ್ನು ಆಟದ ಸಂದೇಶಗಳೊಳಕ್ಕೆ ತರುವುದಿಲ್ಲ, ಜರ್ಮನ್ ಪಕ್ಷವನ್ನು ಆಡುವವರು ನಾಜಿಗಳ ಲಾಂಛನ, ಘೋಷಣೆಗಳನ್ನು ತಮಾಷೆಗೂ ಬಳಸುವುದಿಲ್ಲ.

ಇನ್ನು ತೊಂದರೆಗಳು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಪಾಸ್‌ವರ್ಡ್. ವ್ಯಾಸಲ್ ಮೊದಲ ಸಲ ತೆರೆದಾಗ ಹೆಸರು, ಪಾಸ್‌ವರ್ಡ್ ಕೇಳುತ್ತದೆ, ಹೆಚ್ಚಿನವರು ಮನಸ್ಸಿಗೆ ಬಂದದ್ದನ್ನು ಒತ್ತಿ ಮುಂದೆ ಹೋಗುತ್ತಾರೆ. ನಡೆಯುತ್ತಿರುವ ಆಟದಲ್ಲಿ ನೀವು ಯಾವ ಪಕ್ಷ ಎಂಬುದನ್ನು ತಂತ್ರಾಂಶವು ಆ ಪಾಸ್‌ವರ್ಡ್‌ನಿಂದಲೇ ಗುರುತಿಸುತ್ತದೆ. ಲ್ಯಾಪ್‌ಟಾಪ್ ಬದಲಾಯಿಸಿ ಬೇರೆ ಪಾಸ್‌ವರ್ಡ್ ಕೊಟ್ಟವರಿಗೆ ತಮ್ಮದೇ ಮುಚ್ಚಿಟ್ಟ ಕಾಯಿಗಳು ಕಾಣದೆ ಹೋಗುತ್ತವೆ, ತಮ್ಮ ಪಕ್ಷಕ್ಕೆ ಮರಳಲು ಸಾಧ್ಯವಾಗದೆ ಪೇಚಾಡುತ್ತಾರೆ. ಸೇರುವ ದಿನವೇ ಆಟಕ್ಕೆಂದೇ ಒಂದು ಪಾಸ್‌ವರ್ಡ್ ಮಾಡಿಕೊಂಡು ಬರೆದಿಟ್ಟುಕೊಳ್ಳುವಂತೆ ನಾವು ಎಲ್ಲರಿಗೂ ಹೇಳುತ್ತೇವೆ. ಎರಡನೆಯದು ಮಾಡ್ಯೂಲಿನ ಆವೃತ್ತಿ. ಒಬ್ಬರು ಹಳೆಯದರಲ್ಲಿ, ಇನ್ನೊಬ್ಬರು ಹೊಸದರಲ್ಲಿ ಆಡಿದರೆ ಕಾಯಿಗಳು ಎಡವಟ್ಟಾಗಬಹುದು, ಹಾಗಾಗಿ ಆಟ ಮುಗಿಯುವವರೆಗೆ ಯಾರೂ ಮಾಡ್ಯೂಲನ್ನು ಬದಲಿಸದಿರುವುದು ಒಳ್ಳೆಯದು. ದೊಡ್ಡ ನಕ್ಷೆಗಳಿರುವ ಮಾಡ್ಯೂಲ್‌ಗಳು 4 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪುಗಳಲ್ಲಿ ತೆರೆದುಕೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ. ಮೊಬೈಲಿನಲ್ಲಿ ವ್ಯಾಸಲ್ ನಡೆಯುವುದೇ ಇಲ್ಲ; ಫೋನ್ ಒಂದನ್ನೇ ಇಟ್ಟುಕೊಂಡಿರುವ ಹಲವರು ಆಸಕ್ತಿಯಿದ್ದೂ ಹೊರಗುಳಿಯಬೇಕಾಗಿ ಬಂದದ್ದು ನನ್ನನ್ನು ಬಹಳ ನೋಯಿಸುವ ಸಂಗತಿ. ಮೆನುಗಳು ಕನ್ನಡದಲ್ಲಿಲ್ಲ, ನಿಯಮ ಪುಸ್ತಕಗಳೂ ಇಂಗ್ಲಿಷಿನಲ್ಲೇ ಇರುತ್ತವೆ. ಕಲಿಸುವ ಆಟದ ನಿಯಮಗಳ ಸಾರಾಂಶವನ್ನು ಬಳಗದೊಳಗಿನ ಬಳಕೆಗೆಂದು ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದೇವೆ.

ಹಣದ ಬಗ್ಗೆ ಒಂದು ಮಾತು: ತಂತ್ರಾಂಶ ಉಚಿತವಾದರೂ ಎಲ್ಲ ಆಟಗಳೂ ಉಚಿತವೆಂದು ಭಾವಿಸಬಾರದು. ಕೆಲವು ಮಾಡ್ಯೂಲ್‌ಗಳಲ್ಲಿ ಪ್ರಕಾಶಕರ ಇಚ್ಛೆಯಂತೆ ಕಾರ್ಡು, ಕೋಷ್ಟಕಗಳನ್ನು ಸೇರಿಸದೆ ಬಿಟ್ಟಿರುತ್ತಾರೆ. ಅಂಥವನ್ನು ಪೆಟ್ಟಿಗೆಯ ಆಟ ಕೈಯಲ್ಲಿದ್ದವರು ಮಾತ್ರ ಆಡಬಲ್ಲರು. ಇಬ್ಬರಲ್ಲಿ ಒಬ್ಬರಾದರೂ ಆಟವನ್ನು ಕೊಂಡಿರಬೇಕೆಂಬುದನ್ನು ನಾವು ಪಾಲಿಸುತ್ತೇವೆ.

ಇಷ್ಟು ಕಾಲದ ಬಳಕೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟಿರುವುದು ಮಾಡ್ಯೂಲನ್ನು ನಾವೇ ಕಟ್ಟಬಹುದೆಂಬ ಸೌಲಭ್ಯ. ನಕ್ಷೆಯ ಚಿತ್ರವನ್ನು ಸೇರಿಸಿ ಅದರ ಮೇಲೆ ಷಟ್ಕೋನದ ಮನೆಗಳ ಜಾಲವನ್ನು ಹೊದಿಸುವುದು, ಕಾಯಿಗೆ ಎರಡು ಮುಖ ಕೊಟ್ಟು ನಷ್ಟವಾದಾಗ ಮಗುಚುವಂತೆ ಮಾಡುವುದು, ಎದುರಾಳಿಗೆ ಕಾಣದಂತೆ ಮುಚ್ಚಿಡುವುದು, ಇವೆಲ್ಲ ಪ್ರೋಗ್ರಾಮಿಂಗ್ ಬಾರದವರಿಗೂ ಕೈಗೆಟುಕುತ್ತವೆ. ಬಳಗದ ಕೆಲವರು ಸೇರಿ 1783ರ ಬಿದನೂರಿನ ಕಾರ್ಯಾಚರಣೆಯನ್ನು ಆಟವಾಗಿಸುತ್ತಿದ್ದೇವೆ. 1763ರಲ್ಲಿ ಹೈದರಾಲಿಯು ಕೆಳದಿ ಅರಸರಿಂದ ಗೆದ್ದುಕೊಂಡ ಬಿದನೂರು, ಅಂದರೆ ಇಂದಿನ ಹೊಸನಗರ ತಾಲೂಕಿನ ನಗರ, ಆತ ತೀರಿಕೊಂಡ ಮರು ತಿಂಗಳೇ ಬ್ರಿಟಿಷ್ ಜನರಲ್ ಮ್ಯಾಥ್ಯೂಸ್‌ನ ಪಡೆಗೆ ಸಿಕ್ಕಿತು. ಅಲ್ಲಿ ಮೈಸೂರಿನ ಅಧಿಕಾರಿಯಾಗಿದ್ದ ಅಯಾಜ್ ಖಾನ್ ಹೋರಾಡದೆ ಬಿಟ್ಟುಕೊಟ್ಟ. ಟಿಪ್ಪು ಬಂದು ಘಟ್ಟದ ದಾರಿಗಳನ್ನು ಹಿಡಿದು, ಕರಾವಳಿಯ ಸಂಪರ್ಕವನ್ನು ಕಡಿದು, ಕೋಟೆಗೆ ಮುತ್ತಿಗೆ ಹಾಕಿ ಅದೇ ಬೇಸಿಗೆಯಲ್ಲಿ ಅದನ್ನು ಮರಳಿ ಪಡೆದ. ಆಟದ ಜೀವಾಳ ಈ ಘಟ್ಟಗಳಲ್ಲೇ ಇದೆ, ಏಕೆಂದರೆ ಕೆಳಗಿನಿಂದ ಮೇಲಕ್ಕೆ ಅಕ್ಕಿ ಮದ್ದುಗುಂಡು ಸಾಗಿಸುವ ಒಂದೆರಡು ಮನೆಗಳನ್ನು ಕಳೆದುಕೊಂಡ ಪಕ್ಷ ಕೋಟೆಯೊಳಗಿದ್ದೂ ಸೋಲುತ್ತದೆ. ಹೊಸನಗರದ ಸದಸ್ಯರೊಬ್ಬರು ಬೈಕಿನಲ್ಲಿ ಓಡಾಡಿ, ಘಟ್ಟದ ಯಾವ ತಿರುವಿನಲ್ಲಿ ಎತ್ತಿನ ಸಾಲು ನಿಲ್ಲಬೇಕಾಗುತ್ತಿತ್ತೆಂದು ಊಹಿಸಿ ಗುರುತು ಮಾಡಿಕೊಂಡು ಬಂದಿದ್ದಾರೆ. ನಕ್ಷೆಯಲ್ಲಿ ಆ ಮನೆಗಳಿಗೆ ಕಡುಗಂದು ಅಂಚು ಹಾಕಿದ್ದೇವೆ. ಸದ್ಯ ಎರಡು ಜೋಡಿ ಆಟಗಾರರು ಪರೀಕ್ಷೆಗಾಗಿ ಆಡುತ್ತಿದ್ದಾರೆ. ಅಯಾಜ್ ಖಾನನ ಶರಣಾಗತಿಯನ್ನು ನಿಯಮವಾಗಿ ಬರೆದಿಡಬೇಕೋ ದಾಳಕ್ಕೆ ಬಿಡಬೇಕೋ ಎಂಬ ವಿಷಯದಲ್ಲಿ ಮೇಷ್ಟ್ರಿಗೂ ಬೆಳೆಗಾರರಿಗೂ ಇನ್ನೂ ಒಮ್ಮತ ಬಂದಿಲ್ಲ. ಒಂದು ಜೋಡಿ ಹಾಗೆ, ಇನ್ನೊಂದು ಜೋಡಿ ಹೀಗೆ ಆಡಿ ಲಾಗ್‌ಗಳನ್ನು ಕಳಿಸಲಿದ್ದಾರೆ.