ವರ್ಮಿಲಿಯನ್ ಲೈಟ್‌ಹೌಸ್‌ಗೆ ಯಾರಿಗೂ ದುಡ್ಡು ಕೊಡಬೇಡಿ

ಅಮೆರಿಕದ ಓಹಿಯೊದಲ್ಲಿ ಕ್ಲೀವ್‌ಲ್ಯಾಂಡ್ ಕಡೆ ಇರುವವರು, ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡವರು ದಯವಿಟ್ಟು ಓದಿ. ಇಲ್ಲೇ ಹತ್ತಿರದ ವರ್ಮಿಲಿಯನ್ ಊರಿನ ಲೈಟ್‌ಹೌಸ್ ತೋರಿಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನಾನು ಕೊಟ್ಟೆ. ನಾಲ್ಕು ಜನಕ್ಕೆ 220 ಡಾಲರ್.

ಟೂರ್‌ನವನು ಕಳಿಸಿದ ಮೆಸೇಜ್ ಇನ್ನೂ ಫೋನಲ್ಲಿದೆ. '1877ರ ಲೈಟ್‌ಹೌಸ್, ಮೇಲೆ ಹತ್ತಿ ಈರಿ ಸರೋವರ ನೋಡಿ.' ಕನ್ನಡದಲ್ಲೇ ಮಾತಾಡಿದ, ಅದಕ್ಕೇ ನಂಬಿದೆ. ಅಪ್ಪ ಕಾಪು ಕಡೆಯವರು. 1901ರ ಕಾಪು ಲೈಟ್‌ಹೌಸ್ ನೋಡುತ್ತಲೇ ಬೆಳೆದವರು. ಹಿಂದಿನ ರಾತ್ರಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ 'ಮೆಟ್ಟಿಲು ಎಷ್ಟಿವೆಯಂತೆ?' ಅಂತ ಎರಡು ಸಲ ಕೇಳಿದರು.

ವ್ಯಾನ್ ಇಳಿದೆವು. ಎದುರಿಗಿದ್ದದ್ದು ಬರೀ 16 ಅಡಿ. ಹದಿನಾರೇ ಅಡಿ! ನಮ್ಮ ಮನೆ ಮುಂದಿನ ತೆಂಗಿನ ಮರ ಅದಕ್ಕಿಂತ ಎತ್ತರ. ಬಾಗಿಲಿಗೆ ಬೀಗ. ಅಪ್ಪ ಸುತ್ತ ಒಂದು ಸಲ ಬಂದು, ಬೀಗ ಮುಟ್ಟಿ ನೋಡಿ, ಏನೂ ಮಾತಾಡದೆ ಬೆಂಚಿನ ಮೇಲೆ ಕೂತರು. ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು.

ಅದು 1991ರಲ್ಲಿ ಕಟ್ಟಿದ ಪ್ರತಿಕೃತಿ. ಅಸಲಿ ಲೈಟ್‌ಹೌಸ್ ವಾಲಿತು ಅಂತ 1929ರಲ್ಲೇ ಬಿಚ್ಚಿ ಒಯ್ದಿದ್ದಾರೆ. 1935ರಿಂದ ಅದು ಒಂಟಾರಿಯೊ ಸರೋವರದ ಈಸ್ಟ್ ಚಾರಿಟಿ ಶೋಲ್ ಅನ್ನುವ ಆಳವಿಲ್ಲದ ಜಾಗದಲ್ಲಿದೆ. ವರ್ಮಿಲಿಯನ್ ಊರಿನವರದ್ದೇನೂ ತಪ್ಪಿಲ್ಲ. ಅಸಲಿ ವಾಲಿದ್ದನ್ನು ಹುಡುಗನಾಗಿದ್ದಾಗ ಕಂಡಿದ್ದ ಟೆಡ್ ವೇಕ್‌ಫೀಲ್ಡ್ ಅವರೇ ಮುಂದೆ ನಿಂತು, ಚಂದಾ ಎತ್ತಿ ಇದನ್ನು ಕಟ್ಟಿಸಿದ್ದು. ಪ್ರೀತಿಯಿಂದ ಕಟ್ಟಿದ್ದನ್ನು ತೋರಿಸಿ ಈ ಟೂರ್‌ನವನು ಸುಳ್ಳು ಮಾರಿದ, ಅದೇ ನನ್ನ ಸಿಟ್ಟು.

ಅವನ ಉತ್ತರಗಳನ್ನು ಕೇಳಿ. ಮೊದಲು, 'ಸರ್, ಲೈಟ್‌ಹೌಸ್ ತೋರಿಸಿದೆವಲ್ಲ?' ಆಮೇಲೆ, '1877 ಅಂದರೆ ಆ ಕಾಲದ ಡಿಸೈನ್ ಅಂತ.' ಹತ್ತಬಹುದು ಅಂದಿದ್ದಿರಲ್ಲ ಅಂದರೆ, 'ಬೀಗ ನಮ್ಮ ಕೈಲಿಲ್ಲ ಸರ್.' ದುಡ್ಡು ವಾಪಸ್ ಕೇಳಿದೆ. ಬಂದ ಉತ್ತರ ಇದು: 'ನಿಮ್ಮ ತಂದೆಯ ವಯಸ್ಸಿಗೆ ಹತ್ತದಿದ್ದದ್ದೇ ಒಳ್ಳೆಯದಾಯಿತು.' ಓದಿ ಕೈ ನಡುಗಿತು. ನಮ್ಮಪ್ಪನ ವಯಸ್ಸಿನ ವಿಚಾರ ಇವನಿಗ್ಯಾಕೆ? ದುಡ್ಡು ತಗೊಳ್ಳುವಾಗ ವಯಸ್ಸು ಕಾಣಲಿಲ್ವಾ? ಅದಾದ ಮೇಲೆ ಫೋನ್ ಎತ್ತಿಲ್ಲ.

ನೋಡಲೇಬೇಕು ಅಂದರೆ ನಿಮ್ಮ ಕಾರಲ್ಲೇ ಹೋಗಿ. ಕ್ಲೀವ್‌ಲ್ಯಾಂಡ್‌ನಿಂದ ಪಶ್ಚಿಮಕ್ಕೆ ಸುಮಾರು 40 ಮೈಲಿ, ಮೇನ್ ಸ್ಟ್ರೀಟ್ ಮುಗಿಯುವಲ್ಲಿ ಬೀಚ್ ಪಕ್ಕದಲ್ಲೇ ಇದೆ. ಹೊರಗಿಂದ ನೋಡೋಕೆ ಟಿಕೆಟ್ಟೇ ಬೇಡ. ಹತ್ತುವ ಆಸೆಯನ್ನು ಮಾತ್ರ ಹಿರಿಯರಿಗೆ ಹುಟ್ಟಿಸಬೇಡಿ.