ಇಪ್ಪತ್ತನೇ ತಾರೀಕು ಕೈಕೊಟ್ಟ ‘ಗರಿಷ್ಠ ರಕ್ಷಣೆ’

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ಗೆ. 1,800 ರೂಪಾಯಿ ಕೊಟ್ಟು ತಂದ ಆಂಟಿವೈರಸ್‌ನ ಡಬ್ಬಿಯಲ್ಲಿ ಈಗ ರಬ್ಬರ್ ಸ್ಟಾಂಪು ಇಟ್ಟಿದ್ದೇನೆ.

ದಾವಣಗೆರೆಯಲ್ಲಿ ನಂದು ಸಣ್ಣ ಟ್ಯಾಕ್ಸ್ ಆಫೀಸು. ಎರಡು ಕಂಪ್ಯೂಟರು, ಒಬ್ಬ ಹುಡುಗ. ಆದರೆ ಆ ಎರಡರಲ್ಲೇ ಕ್ಲೈಂಟುಗಳ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟು, ಟ್ಯಾಲಿ ಲೆಕ್ಕ ಎಲ್ಲ ಇದೆ. ಆ ಭಯಕ್ಕೇ ಆಂಟಿವೈರಸ್ ತಂದದ್ದು. ಅದರಲ್ಲಿ ಒಂದೊಂದು ಅಪ್ಲಿಕೇಶನ್‌ಗೂ ಬೇರೆ ಬೇರೆ ಮಟ್ಟ ಇಡಬಹುದು: ಕಡಿಮೆ, ಮಧ್ಯಮ, ಗರಿಷ್ಠ. ಜನರ ಗುಟ್ಟು ಅಲ್ವಾ ಅಂತ ಬ್ರೌಸರ್, ಟ್ಯಾಲಿ, ಎಕ್ಸೆಲ್ ಮೂರಕ್ಕೂ ಗರಿಷ್ಠ ಒತ್ತಿದೆ. ಹತ್ತು ದಿನ ಏನೂ ತೊಂದರೆ ಇರಲಿಲ್ಲ.

ಆಮೇಲೆ 20ನೇ ತಾರೀಕು ಬಂತು. ಪ್ರತಿ ತಿಂಗಳು ಜಿಎಸ್‌ಟಿ 3ಬಿ ರಿಟರ್ನ್ ಹಾಕುವವರಿಗೆ ಅದೇ ಕೊನೆ ದಿನ. ಅಂಗಡಿಯವರದಾದರೆ ಓಟಿಪಿ ಹಾಕಿ ಮುಗಿಸಬಹುದು. ಕಂಪನಿಯದಾದರೆ ಡಿಎಸ್‌ಸಿ ಟೋಕನ್, ಅಂದರೆ ಡಿಜಿಟಲ್ ಸಹಿ ಇರುವ ಪೆನ್‌ಡ್ರೈವ್‌ನಂಥ ಕಡ್ಡಿ, ಚುಚ್ಚಿಯೇ ಸಹಿ ಮಾಡಬೇಕು. ಮಧ್ಯಾಹ್ನ ಎರಡಕ್ಕೆ ಒಂದು ಪ್ರೈವೇಟ್ ಲಿಮಿಟೆಡ್‌ನ ರಿಟರ್ನ್ ತೆರೆದು ಸಹಿಗೆ ಒತ್ತಿದರೆ, ಸಂಪರ್ಕ ಸಿಗುತ್ತಿಲ್ಲ, ಎಂಸೈನರ್ (ಟೋಕನ್‌ನಿಂದ ಸಹಿ ಹಾಕಿಸುವ ಪ್ರೋಗ್ರಾಂ) ಮತ್ತೆ ಶುರು ಮಾಡಿ ಅಂತ ಬಂತು. ಮಾಡಿದೆ. ಮತ್ತೆ ಅದೇ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದೆ. ಟೋಕನ್ ಬೇರೆ ಯುಎಸ್‌ಬಿಗೆ ಹಾಕಿದೆ. ಎಂಸೈನರ್ ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದೆ. ಟೋಕನ್‌ನ ಪುಟ್ಟ ದೀಪ ಮಾತ್ರ ಆರಾಮಾಗಿ ಉರಿಯುತ್ತಿತ್ತು. ಆ ಕಂಪನಿಯಿಂದ ಫೋನ್ ಮೇಲೆ ಫೋನು: “ಸಾರ್, ಆತಾ?”

ಸಂಜೆ ಆರೂವರೆಗೆ ನಮ್ಮ ಹುಡುಗ, “ಸಾರ್, ಆಂಟಿವೈರಸ್ ಲಾಗ್ ಒಂಚೂರು ನೋಡೋಣ್ವಾ?” ಅಂದ. ಅಲ್ಲಿತ್ತು ಕಥೆ. ಎಂಸೈನರ್ ಓಡುವುದು ನಮ್ಮ ಕಂಪ್ಯೂಟರಿನಲ್ಲೇ. ಜಿಎಸ್‌ಟಿ ಪುಟ ಬ್ರೌಸರ್ ಮೂಲಕ 127.0.0.1 ವಿಳಾಸದ (ಅಂದರೆ ಇದೇ ಕಂಪ್ಯೂಟರಿನ) 1585ನೇ ಪೋರ್ಟ್ ಅನ್ನುವ ಬಾಗಿಲಲ್ಲಿ ಅದನ್ನು ಮಾತಾಡಿಸುತ್ತದೆ. ನಾನು ಒತ್ತಿದ ಗರಿಷ್ಠ ಮಟ್ಟದಲ್ಲಿ ಬ್ರೌಸರ್ ಪಕ್ಕದ ಪ್ರೋಗ್ರಾಂ ಜೊತೆ ಮಾತಾಡುವ ಹಾಗೇ ಇಲ್ಲ! ತಡೆದರೆ ತಡೀಲಿ, ಒಂದು ಮಾತು ಹೇಳಬೇಕಲ್ವಾ? ಪರದೆ ಮೇಲೆ ಏನೂ ಇಲ್ಲ. ಲಾಗ್ ಒಳಗೆ ಒಂದು ಕೆಂಪು ಸಾಲು, ಅಷ್ಟೆ. ರಿಟರ್ನ್ ತಪ್ಪಿದ್ದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಬಡ್ಡಿ ಬೇರೆ.

ಮಧ್ಯಮಕ್ಕೆ ಇಳಿಸಿದ ಮೇಲೆ ಸಹಿ ಆಯಿತು. ಆದರೆ ಮಧ್ಯಮದಲ್ಲೇ ಇಡುವುದಾದರೆ ದುಡ್ಡು ಯಾಕೆ ಕೊಡಬೇಕು?

ಆಂಟಿವೈರಸ್ ತೆಗೆದೆ, ಡಿಫೆಂಡರ್ ತಾನಾಗಿ ಎದ್ದಿತು. ಅದರ ರ‍್ಯಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಪ್ರೊಟೆಕ್ಷನ್ ಒಳಗೆ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅಂತ ಇದೆ. ತಾನಾಗಿ ಆನ್ ಇರುವುದಿಲ್ಲ, ನಾವೇ ಮಾಡಬೇಕು. ಇಲ್ಲಿ ಅಪ್ಲಿಕೇಶನ್‌ಗೆ ಮಟ್ಟ ಇಡುವ ಬದಲು ಫೋಲ್ಡರ್‌ಗೆ ಕಾವಲು ಹಾಕುತ್ತೀರಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೊದಲೇ ಪಟ್ಟಿಯಲ್ಲಿವೆ. ಟ್ಯಾಲಿ ಡೇಟಾ ಬೇರೆ ಕಡೆ ಇರುವುದರಿಂದ ಅದನ್ನು ಕೈಯಾರೆ ಸೇರಿಸಿದೆ. ಮರೆತರೆ ಎಲ್ಲ ವ್ಯರ್ಥ. ನನ್ನ ಬ್ಯಾಕಪ್ ಪ್ರೋಗ್ರಾಂ ಅನ್ನು ಇದೂ ತಡೆಯಿತು, ಆದರೆ ಪರದೆಯ ಮೂಲೆಯಲ್ಲಿ ಹೇಳಿ ತಡೆಯಿತು. ಅನುಮತಿ ಕೊಟ್ಟೆ, ಎರಡು ನಿಮಿಷದ ಕೆಲಸ.

ಒಂದು ಮಾತು ಒಪ್ಪಲೇಬೇಕು. ಈ ಕಾವಲು ಫೈಲನ್ನು ಬದಲಿಸುವುದು, ಅಳಿಸುವುದನ್ನು ತಡೆಯುತ್ತದೆ. ಓದಿ ಕಾಪಿ ಮಾಡಿಕೊಂಡು ಹೋಗುವುದನ್ನು ತಡೆಯುವುದಿಲ್ಲ. ಸ್ಕ್ರೀನ್‌ಶಾಟ್, ಕ್ಲಿಪ್‌ಬೋರ್ಡ್ ಕಾಯುವುದರಲ್ಲಿ ದುಡ್ಡಿನದೇ ಮೇಲು. ಮನೆ ಮಕ್ಕಳೂ ಅದೇ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಾರೆ ಅನ್ನುವವರು ಅದನ್ನೇ ಇಟ್ಟುಕೊಳ್ಳಿ. ಸಹಿ ಮಾಡುವ ಬ್ರೌಸರ್ ಒಂದನ್ನು ಮಾತ್ರ ಮಧ್ಯಮಕ್ಕೆ ಇಳಿಸಿ.

ನನ್ನ ಅಭ್ಯಾಸ ಬೇರೆ. ಸಹಿ ಆದ ತಕ್ಷಣ ಟೋಕನ್ ಕಿತ್ತು ಡ್ರಾಯರಿಗೆ. ಜಿಎಸ್‌ಟಿಗೇ ಒಂದು ಬ್ರೌಸರ್, ಅದರಲ್ಲಿ ಒಂದೂ ಎಕ್ಸ್‌ಟೆನ್ಷನ್ ಇಲ್ಲ. ಕ್ಲೈಂಟು ತರುವ ಪೆನ್‌ಡ್ರೈವ್ ನಮ್ಮಲ್ಲಿ ಹಾಕುವುದಿಲ್ಲ, ಬೇಜಾರು ಮಾಡಿಕೊಂಡರೂ ಸರಿ.

ಮೊನ್ನೆ ರಿನ್ಯೂ ಮಾಡಿ ಅಂತ ಮೆಸೇಜ್ ಬಂತು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಂದೆ. ಪ್ರತಿ ಶನಿವಾರ ಟ್ಯಾಲಿ ಬ್ಯಾಕಪ್ ಅದಕ್ಕೆ.