ಸೂಪರ್ ಮಾರ್ಕೆಟ್‌ನಲ್ಲಿ ಕಟ್ಟಿಸಿದ 29 ಸಾವಿರದ ಕಂಪ್ಯೂಟರ್

ನನ್ನದು ಲಗ್ನಪತ್ರಿಕೆ, ಬ್ಯಾನರ್ ಡಿಸೈನ್ ಮಾಡುವ ಕೆಲಸ. 2024ರ ಮೇನಲ್ಲಿ, ಸರಿಯಾಗಿ ಮದುವೆ ಸೀಜನ್‌ನಲ್ಲೇ ಹಳೇ ಕಂಪ್ಯೂಟರ್ ಕೈಕೊಟ್ಟಿತು. ಮಾನಿಟರ್, ಕೀಬೋರ್ಡ್ ಚೆನ್ನಾಗಿದ್ದವು. 30 ಸಾವಿರ ಜೇಬಿಗಿಟ್ಟುಕೊಂಡು ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆ ಕಡೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ.

ಪ್ರೊಸೆಸರ್ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ, ಎಎಂಡಿ ಕಂಪನಿಯ ರೈಜನ್ 5 5600ಜಿ. ಆರು ಕೋರ್, ಗ್ರಾಫಿಕ್ಸ್ ಒಳಗೇ ಇದೆ, ಫ್ಯಾನೂ ಬಾಕ್ಸ್‌ನಲ್ಲೇ ಬರುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡಿನ ಖರ್ಚು ಉಳಿಯಿತು ಅಲ್ವಾ. ಆದರೆ ಈ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಲ್ಲೇ ಪಾಲು ಕೇಳುತ್ತದೆ. ಅದಕ್ಕೇ 16 ಜಿಬಿಯ ಒಂದರ ಬದಲು 8ರ ಎರಡು ಹಾಕಿಸಿದೆ, ಜೋಡಿ ಇದ್ದರೆ ಮೆಮೊರಿಯ ವೇಗ ಹೆಚ್ಚು. ಎಸ್‌ಎಸ್‌ಡಿ 500 ಜಿಬಿ, ಜೆನ್ 3, ಅಂದರೆ ಮೂರನೇ ತಲೆಮಾರಿನ ವೇಗದ್ದು. ಈ ಪ್ರೊಸೆಸರ್ ಜೆನ್ 4 ವೇಗ ಕೊಡುವುದೇ ಇಲ್ಲ.

ಜಗ್ಗಾಟ ನಡೆದದ್ದು ಎಸ್‌ಎಂಪಿಎಸ್‌ಗೆ, ಅಂದರೆ ಒಳಗೆ ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬಿಗೆ. "ಕ್ಯಾಬಿನೆಟ್ ಜೋಡಿ ಫ್ರೀ ಬರ್ತದರಿ ಸರ, ಸುಮ್ನ ರೊಕ್ಕ ಯಾಕ ಹಾಳ ಮಾಡ್ತೀರಿ?" ಎಂದರು ಅಂಗಡಿ ಮಾಲೀಕರು. ಕೈಯಲ್ಲಿ ಹಿಡಿದು ನೋಡಿದೆ, ಖಾಲಿ ಟಿಫಿನ್ ಡಬ್ಬಿಯಷ್ಟು ಹಗುರ! ನಮ್ಮೂರ ಬಿಸಿಲಿಗೆ, ಹೋಗಿ ಬಂದು ಮಾಡುವ ಕರೆಂಟಿಗೆ ಅದನ್ನು ನಂಬಲಾರೆ. ಎರಡೂವರೆ ಸಾವಿರ ಕೊಟ್ಟು 450 ವ್ಯಾಟ್‌ನ, ಕರೆಂಟ್ ಪೋಲು ಕಡಿಮೆ ಎಂದು ಹೇಳುವ 80 ಪ್ಲಸ್ ಬ್ರಾಂಝ್ ಗುರುತಿನದು ತಗೊಂಡೆ. ಕ್ಯಾಬಿನೆಟ್‌ಗೆ ಮುಂದೆ ಗಾಜು ಬೇಡ, ಗಾಳಿ ಆಡುವ ಜಾಲರಿ ಇರಲಿ ಎಂದೆ. ಬಣ್ಣದ ಲೈಟು ತೋರಿಸುತ್ತಲೇ ಇದ್ದರು, ಲಗ್ನಪತ್ರಿಕೆಗೆ ಲೈಟ್ ಯಾಕೆ?

ನಾನು ಎಡವಿದ್ದು ಮದರ್‌ಬೋರ್ಡ್‌ನಲ್ಲಿ. ಅಗ್ಗ ಅಂತ ಬಿ450 ಎಂಬ ಮಾದರಿ ಆರಿಸಿದೆ. ಜೋಡಿಸಿ ಬಟನ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ರ‍್ಯಾಮ್ ಕಿತ್ತು ಹಾಕಿದ್ದಾಯಿತು, ಕೇಬಲ್ ಬದಲಿಸಿದ್ದಾಯಿತು. ಕೊನೆಗೆ ಮೂಲೆಯಲ್ಲಿದ್ದ ಹುಡುಗ, "ಸ್ಟಾಕ್ ಹಳೇದದರಿ, ಬಯಾಸ್ ಅಪ್‌ಡೇಟ್ ಆಗಿಲ್ಲ" ಅಂದ. ಬಯಾಸ್ ಅಂದರೆ ಬೋರ್ಡಿನಲ್ಲೇ ಇರುವ, ಕಂಪ್ಯೂಟರನ್ನು ಎಬ್ಬಿಸುವ ಸಾಫ್ಟ್‌ವೇರ್. ಬೋರ್ಡ್ 2018ರ ಕಾಲದ್ದು, 5600ಜಿ ಬಂದದ್ದು 2021ರಲ್ಲಿ. ಗುರುತು ಸಿಗುವುದಾದರೂ ಹೇಗೆ? ಅವನೇ ಒಂದು ಹಳೇ ರೈಜನ್ ಕೂರಿಸಿ, ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡಿದ. ಆಮೇಲೆ ಮಾಲೀಕರು ಅದಕ್ಕೆ ಬೇರೆ 300 ಕೇಳಿದರು. ಹಳೇ ಸ್ಟಾಕ್ ಅವರದು, ಕಾಸು ನನ್ನದೇ? ಕೊಡಲಿಲ್ಲ. ಬಾಕ್ಸ್ ಮೇಲೆ ರೈಜನ್ 5000 ರೆಡಿ ಅಂತ ಸ್ಟಿಕ್ಕರ್ ಇದೆಯಾ ಎಂದು ನಾನೂ ನೋಡಬೇಕಿತ್ತು ಬಿಡಿ.

ಬಿಲ್ಲಿನಲ್ಲಿ 'ಕಂಪ್ಯೂಟರ್ ಒಂದು' ಎಂದಷ್ಟೇ ಬರೆದಿದ್ದರು. ನಾಳೆ ವಾರಂಟಿ ಕೇಳಬೇಕಾದರೆ ಇರಲಿ ಅಂತ ಒಂದೊಂದರ ಸೀರಿಯಲ್ ನಂಬರ್ ಬರೆಸಿಕೊಂಡೇ ಎದ್ದೆ. ಮತ್ತೆ ಅಲ್ಲಿಗೆ ಹೋಗುತ್ತೇನಾ? ಆ ಹುಡುಗ ಇದ್ದರೆ ಹೋಗುತ್ತೇನೆ.